ಬೀಜ ಪರೀಕ್ಷಿಸುವ ರೈತ ಉಮೇದುವಾರನನ್ನು ಪರೀಕ್ಷಿಸಬಾರದೇ?



ಮುಂಗಾರಿಗೆ ಮುಂಚೆ ಮನೆಯ ಬೀಜವನ್ನು ನೀವು ಹೇಗೆ ಪರೀಕ್ಷೆ ಮಾಡುತ್ತೀರಿ? ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು ಸುತ್ತಿ, ನೆರಳಿನಲ್ಲಿಡುತ್ತೀರಿ. ತೇವ ಆರದಂತೆ ನೀರು ಚಿಮುಕಿಸುತ್ತೀರಿ. ವಾರ ಕಳೆದ ಮೇಲೆ ಬಿಚ್ಚಿ ಮೊಳಕೆ ಎಣಿಸುತ್ತೀರಿ. ತೊಂಬತ್ತು ಮೊಳೆತಿದ್ದರೆ ನಿಶ್ಚಿಂತೆ. ಐವತ್ತೇ ಮೊಳೆತಿದ್ದರೆ ಬೇರೆ ಬೀಜ ಹುಡುಕುತ್ತೀರಿ. ನಾಲ್ಕು ತಿಂಗಳ ಬೆಳೆಗೆ ಇಷ್ಟೊಂದು ಎಚ್ಚರಿಕೆ ವಹಿಸುವ ನಾವು, ಐದು ವರ್ಷದ ಬೆಳೆಯನ್ನು ಯಾರು ಬಿತ್ತಿದರೋ, ಯಾವ ಬೀಜವೋ ಎಂದು ನೋಡದೆ ಬಿಟ್ಟುಬಿಡುತ್ತೇವಲ್ಲ, ಇದು ಸರಿಯೇ?

ಐದು ವರ್ಷದ ಬೆಳೆ ಎಂದರೆ ಲೋಕಸಭಾ ಚುನಾವಣೆ. ಕಳೆದ ಸಾರಿ ಅದು ನಡೆದದ್ದು 2024ರಲ್ಲಿ. ಸಭೆಯ ಅವಧಿ ಪೂರ್ತಿಯಾದರೆ ಮುಂದಿನದು 2029ರಲ್ಲಿ. "ಈಗಲೇ ಆ ಮಾತೇಕೆ?" ಎಂದು ನೀವು ಕೇಳಬಹುದು. ಮಳೆ ಬಿದ್ದ ದಿನ ಬೀಜ ಹುಡುಕಲು ಹೊರಟವನಿಗೆ ಸಿಗುವುದು ಅಂಗಡಿಯವನು ಕೊಟ್ಟ ಬೀಜ. ಚುನಾವಣೆ ಸಾರಿದ ಮೇಲೆ ಉಮೇದುವಾರರನ್ನು ತಿಳಿಯಲು ಹೊರಟವನಿಗೆ ಸಿಗುವುದು ಧ್ವನಿವರ್ಧಕ ಹೇಳಿದ ಮಾತು. ಅದಕ್ಕಾಗಿ ಈಗಲೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಸರ್ಕಾರಿ ನೌಕರ. ಇಂಥವರಿಗೆ ಮತ ಹಾಕಿ ಎಂದು ಹೇಳುವ ಹಕ್ಕು ನನಗಿಲ್ಲ, ಹೇಳುವುದೂ ಇಲ್ಲ. ಯಾವ ತಳಿ ಬಿತ್ತಬೇಕೆಂಬುದು ನಿಮ್ಮ ತೀರ್ಮಾನ. ಪರೀಕ್ಷೆ ಮಾಡುವ ವಿಧಾನವನ್ನಷ್ಟೇ ಇಲ್ಲಿ ತಿಳಿಸುತ್ತೇನೆ.

ದೀಪ ಬಂತು, ದರ ಹೋಯಿತು

ಕೊಬ್ಬರಿ ಸೀಮೆಯ ಒಂದು ಹಳ್ಳಿ. 2023ನೇ ಇಸವಿ. ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಆ ವರ್ಷ ಸಾರಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಜಾರಿತ್ತು. ಅಟ್ಟದ ಮೇಲೆ ವರ್ಷಗಟ್ಟಲೆ ಜೋಪಾನ ಮಾಡಿದ ಕೊಬ್ಬರಿಯನ್ನು ಮಾರಬೇಕೋ ಇಟ್ಟುಕೊಳ್ಳಬೇಕೋ ಎಂಬ ಚಿಂತೆ ಮನೆಮನೆಯಲ್ಲಿ. ವಾಚನಾಲಯದ ಜಗಲಿಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನನ್ನನ್ನು ಕೇಳಿದರು:

"ಸ್ವಾಮಿ, ಇದನ್ನ ಯಾರ ಹತ್ರ ಹೇಳ್ಕೊಬೇಕು?"

"ಬೆಂಬಲ ಬೆಲೆ ಕಟ್ಟುವುದು, ನಾಫೆಡ್ ಮೂಲಕ ಕೊಳ್ಳಲು ಒಪ್ಪಿಗೆ ಕೊಡುವುದು ದೆಹಲಿಯ ಕೆಲಸ, ಯಜಮಾನರೇ. ನಿಮ್ಮ ಲೋಕಸಭಾ ಸದಸ್ಯರ ಹತ್ತಿರ ಹೇಳಬೇಕು. ಓಟು ಕೇಳುವುದಕ್ಕೆ ಬಂದಿದ್ದಾಗ ಏನು ಕೇಳಿದ್ದಿರಿ?"

ಅವರು ಬಾಯಿಬಿಟ್ಟು ಹೇಳಲಿಲ್ಲ. ಗುಡಿಯ ಮುಂದಿದ್ದ ಹೈಮಾಸ್ಟ್ ದೀಪದ ಕಂಬದ ಕಡೆ ಕೈ ತೋರಿಸಿದರು. "ಅದನ್ನೇ ಕೇಳಿದ್ವಿ. ಹಾಕ್ಸಿಕೊಟ್ರು."

ಕೊಟ್ಟ ಮಾತು ನಡೆದಿತ್ತು. ದೀಪ ಚೆನ್ನಾಗಿಯೇ ಉರಿಯುತ್ತಿತ್ತು. ಕೊರತೆ ಇದ್ದದ್ದು ನಾವು ಕೇಳಿದ್ದರಲ್ಲಿ. ಬೀದಿದೀಪ ಪಂಚಾಯಿತಿ ಮಾಡಬಹುದಾದ ಕೆಲಸ. ಕೊಬ್ಬರಿಯ ಬೆಲೆ ಪಂಚಾಯಿತಿಯಿಂದ ಆಗುವ ಕೆಲಸವಲ್ಲ. 2025ರಲ್ಲಿ ಕೊಬ್ಬರಿಯ ದರ ಬೆಂಬಲ ಬೆಲೆಯನ್ನು ಬಹಳ ಮೀರಿ ಏರಿತು, ನಿಜ. ಏರಿದ್ದು ಇಳಿಯುವುದಿಲ್ಲವೆಂದು ಯಾವ ತೆಂಗು ಬೆಳೆಗಾರನೂ ಹೇಳಲಾರ. ಇಳಿದಾಗ ನಮ್ಮ ಪರವಾಗಿ ದೆಹಲಿಯಲ್ಲಿ ಬಾಯಿ ತೆರೆಯಬೇಕಾದವರು ಯಾರೆಂಬುದನ್ನು, ದರ ಚೆನ್ನಾಗಿರುವಾಗಲೇ ಯೋಚಿಸಬೇಕು.

ದೆಹಲಿಯಲ್ಲಿ ತೀರ್ಮಾನವಾಗುವುದು ಯಾವುದು?

ಉಮೇದುವಾರನನ್ನು ಅಳೆಯುವ ಮೊದಲು ಅವನು ಯಾವ ಕೆಲಸಕ್ಕೆ ಹೋಗುತ್ತಿದ್ದಾನೆಂದು ತಿಳಿಯಬೇಕು. ಉಳುವ ಎತ್ತನ್ನು ಹಾಲಿನ ಲೆಕ್ಕದಲ್ಲಿ ಯಾರೂ ಕೊಳ್ಳುವುದಿಲ್ಲವಷ್ಟೆ.

ನಮ್ಮ ಸಂವಿಧಾನದಲ್ಲಿ ಬೇಸಾಯ, ಜಮೀನು, ನೀರಾವರಿ, ಸಂತೆ-ಮಾರುಕಟ್ಟೆ ಇವು ರಾಜ್ಯ ಪಟ್ಟಿಯಲ್ಲಿವೆ. ಈ ಮಾತನ್ನು ಹಿಡಿದುಕೊಂಡು "ಕೃಷಿ ರಾಜ್ಯದ ವಿಷಯ, ನಮ್ಮದಲ್ಲ" ಎಂದು ಜಾರಿಕೊಳ್ಳುವ ಉಮೇದುವಾರರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಆದರೆ ಹೊರದೇಶಗಳೊಡನೆ ವ್ಯಾಪಾರ, ಆಮದು-ರಫ್ತು, ಅದರ ಸುಂಕ, ರೈಲ್ವೆ, ಅಂತರರಾಜ್ಯ ನದಿಗಳು ಕೇಂದ್ರದ ಪಟ್ಟಿಯಲ್ಲಿವೆ. ಬೆಂಬಲ ಬೆಲೆ ಸಾರುವುದು, ರಸಗೊಬ್ಬರದ ಸಹಾಯಧನ ಮತ್ತು ರಾಜ್ಯಗಳಿಗೆ ಅದರ ಹಂಚಿಕೆ, ಬೆಳೆವಿಮೆಯ ನಿಯಮ, ಬರ ಪರಿಹಾರದ ದರ ಇವನ್ನು ತೀರ್ಮಾನಿಸುವುದೂ ಕೇಂದ್ರವೇ. ಬೆಳೆ ಬೆಳೆಯುವುದು ರಾಜ್ಯದಲ್ಲಿ, ಅದರ ಬೆಲೆಯ ಬಾಗಿಲಿನ ಕೀಲಿ ಬಹುಮಟ್ಟಿಗೆ ದೆಹಲಿಯಲ್ಲಿ.

ಕೆಲವು ಉದಾಹರಣೆ ನೋಡಿ.

ಮಲೆನಾಡು, ಕರಾವಳಿಯ ಅಡಿಕೆ. ಇದಕ್ಕೆ ಬೆಂಬಲ ಬೆಲೆಯಿಲ್ಲ. ಇದನ್ನು ಕಾಯುವುದು ಆಮದು ಸುಂಕ ಮತ್ತು ಕನಿಷ್ಠ ಆಮದು ಬೆಲೆ ಎಂಬ ಎರಡು ಬೇಲಿಗಳು. 2022ರಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಕಟ್ಟಿಲ್ಲದೆ ತರಿಸಲು ಅನುಮತಿ ಕೊಟ್ಟಾಗ ಬೆಳೆಗಾರರು ಗಾಬರಿಯಾದರು. 2023ರ ಫೆಬ್ರುವರಿಯಲ್ಲಿ ಆ ಕನಿಷ್ಠ ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಲಾಯಿತು. ಬೇಲಿ ತೆರೆದದ್ದೂ ದೆಹಲಿ, ಎತ್ತರಿಸಿದ್ದೂ ದೆಹಲಿ.

ಈರುಳ್ಳಿ. 2023ರ ಆಗಸ್ಟಿನಲ್ಲಿ ರಫ್ತಿನ ಮೇಲೆ ಶೇಕಡಾ 40 ಸುಂಕ ಬಿತ್ತು. ಡಿಸೆಂಬರಿನಲ್ಲಿ ರಫ್ತನ್ನೇ ನಿಲ್ಲಿಸಲಾಯಿತು. ನಿಷೇಧ ತೆರವಾದದ್ದು 2024ರ ಮೇ ತಿಂಗಳಲ್ಲಿ, ರಫ್ತು ಸುಂಕ ಪೂರ್ತಿ ಹೋದದ್ದು 2025ರ ಏಪ್ರಿಲ್ 1ರಂದು. ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ರೋಸ್ ಈರುಳ್ಳಿಯನ್ನು ಬೆಳೆಯುವುದೇ ಹೆಚ್ಚಾಗಿ ಹೊರದೇಶಕ್ಕೆ. ಅದಕ್ಕೂ ಅದೇ ಸುಂಕ ಬಿತ್ತು, ವಿನಾಯಿತಿ ಸಿಕ್ಕಿದ್ದು ಕೇಳಿಕೊಂಡ ಮೇಲೆ.

ಕಲಬುರಗಿಯ ತೊಗರಿ. 2021ರಲ್ಲಿ ತೊಗರಿಯ ಆಮದಿನ ಮೇಲಿದ್ದ ಮಿತಿಯನ್ನು ತೆಗೆದು, ಆ ಅವಧಿಯನ್ನು ವರ್ಷ ವರ್ಷವೂ ಮುಂದುವರಿಸಲಾಯಿತು. ಪಟ್ಟಣದವರಿಗೆ ಬೇಳೆ ಅಗ್ಗವಾಗಬೇಕೆಂಬುದು ತಪ್ಪು ಆಸೆಯಲ್ಲ, ಸರ್ಕಾರ ಅವರನ್ನೂ ನೋಡಬೇಕು. ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಬೆಳೆದವನ ಕಷ್ಟವನ್ನು ಇಡುವವರು ಬೇಡವೇ? ಆ ಕೆಲಸಕ್ಕೇ ನಾವು ಸದಸ್ಯನನ್ನು ಕಳಿಸುವುದು.

ಬರ ಪರಿಹಾರ. 2023ರ ಮುಂಗಾರು ಕೈಕೊಟ್ಟಾಗ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಲಾಯಿತು. ಖುಷ್ಕಿ ಬೆಳೆಗೆ ಕೇಂದ್ರದ ನಿಯಮದಂತೆ ಆಗ ಇದ್ದ ದರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ಎಕರೆಗೆ ಲೆಕ್ಕ ಹಾಕಿದರೆ ಸುಮಾರು 3,400. ಕೇಂದ್ರದ ಹಣಕ್ಕಾಗಿ ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲಿನಲ್ಲಿ ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಯಿತು. ಯಾರದು ಸರಿ, ಯಾರದು ತಪ್ಪು ಎಂಬ ವಾದ ಇಲ್ಲಿ ಬೇಡ. ಮುಂಗಾರಿನಲ್ಲಿ ಒಣಗಿದ ಬೆಳೆಗೆ ಆ ಹಣ ಮಂಜೂರಾದದ್ದು ಮುಂದಿನ ಬೇಸಿಗೆಯಲ್ಲಿ ಎಂಬುದನ್ನು ಮಾತ್ರ ನೆನಪಿನಲ್ಲಿಡಿ.

ಇವುಗಳಲ್ಲಿ ಯಾವುದನ್ನೂ ಒಬ್ಬ ಸದಸ್ಯ ತಾನೊಬ್ಬನೇ ಬದಲಾಯಿಸಲಾರ. ಪಕ್ಷದ ಆಜ್ಞೆ ಮೀರಿ ಮತ ಹಾಕಿದರೆ ಸದಸ್ಯತ್ವಕ್ಕೇ ಸಂಚಕಾರ ತರುವ ಕಾನೂನು 1985ರಿಂದ ಇದೆ. ಆದರೂ ಅವನ ಕೈಯಲ್ಲಿ ಸಾಧನಗಳು ಕಡಿಮೆಯೇನಲ್ಲ. ಸಭೆಯಲ್ಲಿ ಪ್ರಶ್ನೆ ಕೇಳಬಹುದು. ಶೂನ್ಯ ವೇಳೆಯಲ್ಲಿ ವಿಷಯ ಎತ್ತಬಹುದು. ಕೃಷಿಯ ಸ್ಥಾಯಿ ಸಮಿತಿಯಲ್ಲಿ ಕೂರಬಹುದು. ಬೆಳೆಗಾರರನ್ನು ಕರೆದುಕೊಂಡು ಹೋಗಿ ಮಂತ್ರಿಯನ್ನು ಕಾಣಬಹುದು. ಜಿಲ್ಲೆಯಲ್ಲಿ 'ದಿಶಾ' ಸಮಿತಿ ಎಂಬುದಿದೆ. ಕೇಂದ್ರದ ಯೋಜನೆಗಳು ಹೇಗೆ ನಡೆದಿವೆಯೆಂದು ಅಧಿಕಾರಿಗಳನ್ನು ಕೂರಿಸಿಕೊಂಡು ಕೇಳುವ ಸಭೆ ಅದು, ಅದರ ಅಧ್ಯಕ್ಷತೆ ಲೋಕಸಭಾ ಸದಸ್ಯರದು. ಬೆಳೆವಿಮೆಯ ಹಣ ಏಕೆ ಬರಲಿಲ್ಲವೆಂದು ಅಲ್ಲಿ ಗಟ್ಟಿಯಾಗಿ ಕೇಳಿದರೆ ಕಡತ ಅಲುಗಾಡುತ್ತದೆ. ಕೇಳುವವರು ಬೇಕು.

ಕೈಗೆ ಸಿಗುವ ದಿನಗಳು ಎಷ್ಟು?

2024ರ ಲೆಕ್ಕವನ್ನೇ ನೋಡೋಣ. ರಾಜ್ಯದ ಮೊದಲ ಹಂತದ ಕ್ಷೇತ್ರಗಳಲ್ಲಿ ನಾಮಪತ್ರಕ್ಕೆ ಕೊನೆಯ ದಿನ ಏಪ್ರಿಲ್ 4, ಹಿಂತೆಗೆದುಕೊಳ್ಳಲು ಕೊನೆಯ ದಿನ ಏಪ್ರಿಲ್ 8, ಮತದಾನ ಏಪ್ರಿಲ್ 26. ಕಣದಲ್ಲಿ ಉಳಿದವರು ಯಾರೆಂದು ಖಚಿತವಾದ ಮೇಲೆ ಸಿಕ್ಕಿದ್ದು ಹದಿನೆಂಟು ದಿನ. ಎರಡನೆಯ ಹಂತದಲ್ಲಿ ಏಪ್ರಿಲ್ 22ರಿಂದ ಮೇ 7ರವರೆಗೆ, ಹದಿನೈದೇ ದಿನ.

ಇನ್ನೊಂದು ಲೆಕ್ಕ. ನಮ್ಮ ರಾಜ್ಯದ ವಿಧಾನಸಭಾ ಸ್ಥಾನಗಳು 224, ಲೋಕಸಭಾ ಸ್ಥಾನಗಳು 28. ಒಂದು ಲೋಕಸಭಾ ಕ್ಷೇತ್ರವೆಂದರೆ ಎಂಟು ವಿಧಾನಸಭಾ ಕ್ಷೇತ್ರ. 2024ರಲ್ಲಿ ರಾಜ್ಯದ ಮತದಾರರು 5 ಕೋಟಿ 40 ಲಕ್ಷಕ್ಕೂ ಮಿಕ್ಕಿ ಇದ್ದರು. ಒಂದು ಕ್ಷೇತ್ರಕ್ಕೆ ಸರಾಸರಿ ಹತ್ತೊಂಬತ್ತು ಲಕ್ಷಕ್ಕೂ ಹೆಚ್ಚು. ಹದಿನೈದು ಹದಿನೆಂಟು ದಿನದಲ್ಲಿ ಇಷ್ಟು ಜನರ ಮುಂದೆ ಯಾವ ಉಮೇದುವಾರನೂ ನಿಂತು ಮಾತನಾಡಲಾರ. ನಿಮ್ಮ ಊರಿಗೆ ಬರುವುದು ಜೀಪು ಮತ್ತು ಕರಪತ್ರ. ಆದ್ದರಿಂದ ಅವನು ನಿಮ್ಮನ್ನು ಹುಡುಕಿಕೊಂಡು ಬರಲೆಂದು ಕಾಯಬೇಡಿ. ನೀವೇ ಅವನನ್ನು ಹುಡುಕಿ. ಹುಡುಕಲು ಮೂರು ದಾರಿ ಇವೆ: ಕಾಗದ, ಕೆಲಸ, ಮಾತು.

ಮೊದಲನೆಯದು ಕಾಗದ: ಚೀಲದ ಚೀಟಿ ಓದುವುದು

ಬಿತ್ತನೆ ಬೀಜದ ಚೀಲಕ್ಕೆ ಎರಡು ಬಗೆಯ ಚೀಟಿ ಇರುತ್ತದೆಂದು ನೀವು ಬಲ್ಲಿರಿ. ನೀಲಿ ಚೀಟಿಯದು ಪ್ರಮಾಣಿತ ಬೀಜ, ಸಂಸ್ಥೆಯವರು ಹೊಲಕ್ಕೆ ಬಂದು ನೋಡಿ, ಪರೀಕ್ಷಿಸಿ ಕೊಟ್ಟದ್ದು. ಇನ್ನೊಂದು 'ಟ್ರುತ್‌ಫುಲ್' ಚೀಟಿ. ಮೊಳಕೆ ಇಷ್ಟು, ಶುದ್ಧತೆ ಇಷ್ಟು ಎಂದು ಕಂಪನಿಯೇ ತನ್ನ ಜವಾಬ್ದಾರಿಯ ಮೇಲೆ ಬರೆದುಕೊಂಡದ್ದು.

ಉಮೇದುವಾರರಿಗೂ ಒಂದು ಚೀಟಿ ಇದೆ. ಅದಕ್ಕೆ ನಮೂನೆ 26 ಎಂದು ಹೆಸರು, ನಾಮಪತ್ರದ ಜೊತೆ ಸಲ್ಲಿಸುವ ಪ್ರಮಾಣಪತ್ರ. ಸುಪ್ರೀಂ ಕೋರ್ಟು 2002 ಮತ್ತು 2003ರಲ್ಲಿ ಕೊಟ್ಟ ತೀರ್ಪುಗಳಿಂದಾಗಿ ಇದು ಮತದಾರರ ಹಕ್ಕಾಯಿತು. ಇದು ನೀಲಿ ಚೀಟಿಯಲ್ಲ, 'ಟ್ರುತ್‌ಫುಲ್' ಚೀಟಿ ಎಂಬುದನ್ನು ಚೆನ್ನಾಗಿ ತಿಳಿದಿರಿ. ಬರೆದವರು ಉಮೇದುವಾರರೇ. ಕಾಲಂ ಖಾಲಿ ಬಿಟ್ಟಿದ್ದರೆ ಚುನಾವಣಾಧಿಕಾರಿ ತುಂಬಿಸಲು ಹೇಳುತ್ತಾರೆ, ಆದರೆ ಬರೆದದ್ದು ನಿಜವೋ ಸುಳ್ಳೋ ಎಂದು ಹೊಲಕ್ಕೆ ಹೋಗಿ ನೋಡಿ ಮುದ್ರೆ ಹಾಕುವುದಿಲ್ಲ. ಸುಳ್ಳು ಬರೆದರೆ ಆರು ತಿಂಗಳವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ ಎಂದು ಕಾನೂನಿದೆ. ಆದರೆ ಪತ್ತೆ ಹಚ್ಚುವವರು ಬೇಕು.

ಈ ಕಾಗದ ಸಿಗುವುದು ಕಷ್ಟವಲ್ಲ. ಚುನಾವಣಾಧಿಕಾರಿಯ ಕಚೇರಿಯ ಸೂಚನಾ ಫಲಕದಲ್ಲಿ ಹಾಕಿರುತ್ತಾರೆ. ಚುನಾವಣಾ ಆಯೋಗದ ಜಾಲತಾಣದಲ್ಲೂ ಇರುತ್ತದೆ. ಈಗ ಎಷ್ಟೋ ಪಂಚಾಯಿತಿ ಗ್ರಂಥಾಲಯಗಳು 'ಅರಿವು ಕೇಂದ್ರ'ಗಳಾಗಿ ಕಂಪ್ಯೂಟರ್ ಬಂದಿದೆ. ಕಾಲೇಜಿಗೆ ಹೋಗುವ ಊರಿನ ಹುಡುಗ ಹುಡುಗಿಯರಿಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಎಲ್ಲ ಉಮೇದುವಾರರ ಪತ್ರಗಳನ್ನೂ ತೆಗೆದುಕೊಡುತ್ತಾರೆ. ಎಲ್ಲರದ್ದೂ ತೆಗೆಸಿ. ನಿಮಗೆ ಬೇಕಾದವರದ್ದು, ಬೇಡದವರದ್ದು ಎಂದು ಭೇದ ಮಾಡಿದರೆ ಪರೀಕ್ಷೆ ಕೆಟ್ಟಿತು.

ಇದರಲ್ಲಿ ಏನೇನಿರುತ್ತದೆ? ಉಮೇದುವಾರ, ಸಂಗಾತಿ, ಅವಲಂಬಿತರ ಆಸ್ತಿ, ಸಾಲ, ಸರ್ಕಾರಕ್ಕೆ ಬಾಕಿ. ಆದಾಯ ತೆರಿಗೆ ಪತ್ರದಲ್ಲಿ ತೋರಿಸಿದ ಐದು ವರ್ಷದ ಆದಾಯ. ಕಸುಬು, ಆದಾಯದ ಮೂಲ, ಓದು. ಬಾಕಿ ಇರುವ ಕ್ರಿಮಿನಲ್ ಪ್ರಕರಣ, ಆಗಿರುವ ಶಿಕ್ಷೆ.

ಇವುಗಳ ಪೈಕಿ ಒಂದು ಪುಟವನ್ನು ಪಟ್ಟಣದ ಪಂಡಿತರಿಗಿಂತ ನೀವೇ ಚೆನ್ನಾಗಿ ಓದಬಲ್ಲಿರಿ. ಅದು ಜಮೀನಿನ ಪುಟ. ಯಾವ ಊರು, ಸರ್ವೆ ನಂಬರು, ಎಷ್ಟು ಎಕರೆ, ಪಿತ್ರಾರ್ಜಿತವೋ ಕ್ರಯಕ್ಕೆ ತೆಗೆದದ್ದೋ, ಯಾವಾಗ, ಎಷ್ಟಕ್ಕೆ, ಈಗಿನ ಬೆಲೆ ಎಷ್ಟು ಎಂದು ಬರೆದಿರಬೇಕು. ಸರ್ವೆ ನಂಬರು ಇದ್ದರೆ ಪಹಣಿ ನೋಡುವುದು ಈಗ ಯಾರಿಗೂ ಕಷ್ಟವಲ್ಲ. ಆ ಊರಿನ ಮಣ್ಣು ಎಂಥದು, ನೀರು ಎಷ್ಟಿದೆ, ಎಕರೆ ಏನು ಬೆಲೆಗೆ ಹೋಗುತ್ತದೆ ಎಂಬುದು ನಿಮಗೆ ಗೊತ್ತು. ಕಸುಬು 'ವ್ಯವಸಾಯ' ಎಂದು ಬರೆದು, ನಾಲ್ಕು ಎಕರೆ ಖುಷ್ಕಿ ತೋರಿಸಿ, ಹಿಂದಿನ ಚುನಾವಣೆಯಿಂದ ಈಚೆಗೆ ಆಸ್ತಿ ಹತ್ತು ಪಟ್ಟು ಬೆಳೆದಿದ್ದರೆ, ಆ ಬೇಸಾಯದ ಕ್ರಮವನ್ನು ನಮಗೂ ಕಲಿಸಿಕೊಡಿ ಎಂದು ವಿನಯದಿಂದ ಕೇಳಿ! ಹಿಂದಿನ ಚುನಾವಣೆಯ ಪತ್ರ ಸಿಕ್ಕರೆ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಇಲ್ಲಿ ಎರಡು ಎಚ್ಚರಿಕೆ. ಆಸ್ತಿ ಇರುವುದೇ ತಪ್ಪಲ್ಲ. ರಸ್ತೆ ಬಂದು ಜಮೀನಿನ ಬೆಲೆ ತಾನಾಗಿ ಏರಿರಬಹುದು. ಹಾಗೆಯೇ ಪ್ರಕರಣ ಬಾಕಿ ಇರುವುದೇ ಅಪರಾಧವೂ ಅಲ್ಲ. ರೈತರ ಜೊತೆ ರಸ್ತೆ ತಡೆಯಲ್ಲಿ ಕುಳಿತದ್ದಕ್ಕೆ ಹಾಕಿದ ಪ್ರಕರಣ ಬೇರೆ, ಸಹಕಾರ ಸಂಘದ ಹಣ ನುಂಗಿದ ಆರೋಪದ ಪ್ರಕರಣ ಬೇರೆ. ಎಷ್ಟು ಪ್ರಕರಣ ಎಂದು ಎಣಿಸಿ ಬಿಡಬೇಡಿ, ಏನು ಪ್ರಕರಣ ಎಂದು ಓದಿ. ಪ್ರಕರಣ ಇರುವ ಉಮೇದುವಾರ ಅದನ್ನು ಪತ್ರಿಕೆಯಲ್ಲಿ ಮೂರು ಸಲ ಪ್ರಕಟಿಸಬೇಕೆಂದು 2018ರಿಂದ ನಿಯಮವಿದೆ. ಅಂಥವರನ್ನೇ ಏಕೆ ಆರಿಸಿದಿರಿ ಎಂಬುದಕ್ಕೆ ಪಕ್ಷವೂ ಕಾರಣ ಕೊಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಣ್ಣ ಅಕ್ಷರದ ಆ ಜಾಹೀರಾತನ್ನು ವಾಚನಾಲಯದಲ್ಲಿ ಕತ್ತರಿಸಿ ಇಟ್ಟುಕೊಳ್ಳಿ.

ಎರಡನೆಯದು ಕೆಲಸ: ಪಳಗಿದ ಎತ್ತು, ಹೊಸ ಹೋರಿ

ಈಗಾಗಲೇ ಸದಸ್ಯರಾಗಿದ್ದವರು ಮತ್ತೆ ನಿಂತರೆ ಅವರನ್ನು ಅಳೆಯುವುದು ಸುಲಭ. ಐದು ವರ್ಷ ನೊಗ ಹೊತ್ತ ಎತ್ತು ಅದು. ಸದಸ್ಯರು ಕೇಳಿದ ಪ್ರಶ್ನೆಗಳು, ಭಾಗವಹಿಸಿದ ಚರ್ಚೆಗಳು ಲೋಕಸಭೆಯ ಜಾಲತಾಣದಲ್ಲಿ ಹೆಸರಿನ ಸಮೇತ ಸಿಗುತ್ತವೆ. ಹಾಜರಿಯನ್ನೂ ನೋಡಬಹುದು. ಆದರೆ ಲೆಕ್ಕ ಓದುವಾಗ ವಿವೇಕ ಬೇಕು. ಮಂತ್ರಿಯಾದವರು ಪ್ರಶ್ನೆ ಕೇಳುವುದಿಲ್ಲ, ಉತ್ತರ ಹೇಳುತ್ತಾರೆ. ಹಾಜರಿ ಪುಸ್ತಕಕ್ಕೆ ಅವರು ಸಹಿ ಹಾಕುವುದೂ ಇಲ್ಲ. ಅವರನ್ನು ಈ ಅಳತೆಯಲ್ಲಿ ಅಳೆಯಬಾರದು. ಇನ್ನು ಕೆಲವರದು ನೂರಾರು ಪ್ರಶ್ನೆ ಇರಬಹುದು, ನಿಮ್ಮ ಬೆಳೆಯ ಬಗ್ಗೆ ಒಂದೂ ಇಲ್ಲದಿರಬಹುದು. ಸಂಖ್ಯೆಯನ್ನು ಬಿಡಿ, ವಿಷಯವನ್ನು ಹುಡುಕಿ. ತೆಂಗಿನ ಸೀಮೆಯವರು ಕೊಬ್ಬರಿ ಎಂಬ ಪದ ಹುಡುಕಿ, ಮಲೆನಾಡಿನವರು ಅಡಿಕೆ, ಬಯಲುಸೀಮೆಯವರು ತೊಗರಿ, ರಾಗಿ, ಮೆಕ್ಕೆಜೋಳ. ದರ ಬಿದ್ದ ತಿಂಗಳಲ್ಲಿ ನಿಮ್ಮ ಸದಸ್ಯರು ಸಭೆಯಲ್ಲಿ ಆ ಮಾತೆತ್ತಿದ್ದರೋ ಇಲ್ಲವೋ ಎಂಬುದೇ ನಿಮ್ಮ ಮೊಳಕೆ ಪರೀಕ್ಷೆ.

ಒಂದು ಕೊರತೆಯನ್ನೂ ಹೇಳಬೇಕು. ಮೂರು ಕೃಷಿ ಕಾನೂನುಗಳು 2020ರ ಸೆಪ್ಟೆಂಬರಿನಲ್ಲಿ ಸಂಸತ್ತಿನಲ್ಲಿ ಪಾಸಾದವು, 2021ರ ನವೆಂಬರಿನಲ್ಲಿ ರದ್ದಾದವು. ಎರಡೂ ಸಲ ನಡೆದದ್ದು ಧ್ವನಿಮತ. ಧ್ವನಿಮತದಲ್ಲಿ ಯಾರು 'ಹೌದು' ಎಂದರು, ಯಾರು 'ಇಲ್ಲ' ಎಂದರು ಎಂಬುದು ಹೆಸರಿನ ಸಮೇತ ದಾಖಲೆಯಾಗುವುದಿಲ್ಲ. ಕಾಗದದಲ್ಲಿ ಸಿಗದ್ದನ್ನು ಅವರ ಬಾಯಿಂದಲೇ ಕೇಳಬೇಕು.

ಸದಸ್ಯರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯ ಬಗ್ಗೆ ಊರಿನಲ್ಲಿ ಮಾತು ಬಹಳ. ಆ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಕೇಳಲು ದೊಡ್ಡದು. ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ ವರ್ಷಕ್ಕೆ ಅರವತ್ತೆರಡೂವರೆ ಲಕ್ಷ. ಹಳ್ಳಿಗಳಿಗೆ ಹಂಚಿದರೆ ಎಷ್ಟು ಬಂತೆಂದು ನೀವೇ ಲೆಕ್ಕ ಹಾಕಿ. ಸದಸ್ಯರು ಕೆಲಸ ಸೂಚಿಸುತ್ತಾರೆ ಅಷ್ಟೆ, ಮಂಜೂರು ಮಾಡಿ ಮಾಡಿಸುವುದು ಜಿಲ್ಲಾಡಳಿತ. ಈ ಹಣದಲ್ಲಿ ಎಷ್ಟು ದೀಪ ಹಾಕಿಸಿದರು ಎಂಬುದರ ಮೇಲೆ ಸದಸ್ಯರನ್ನು ಅಳೆಯುವುದು, ಎತ್ತನ್ನು ಕೊಂಬಿನ ಬಣ್ಣ ನೋಡಿ ಕೊಂಡಂತೆ.

ಹೊಸಬರು ನಿಂತರೆ ಸಂಸತ್ತಿನ ದಾಖಲೆ ಇರುವುದಿಲ್ಲ. ಆದರೆ ಬಹುಪಾಲು ಜನ ಎಲ್ಲೋ ಒಂದು ಕಡೆ ಹೊಣೆ ಹೊತ್ತಿರುತ್ತಾರೆ. ಸೊಸೈಟಿ, ಹಾಲಿನ ಡೇರಿ, ಪಂಚಾಯಿತಿ, ಶಾಲಾ ಮಂಡಳಿ, ಸಂಘಟನೆ, ವ್ಯಾಪಾರ. ಅಲ್ಲಿಗೆ ಹೋಗಿ ವಿಚಾರಿಸಿ. ಹೆಣ್ಣು ಕೊಡುವಾಗ ವರನ ಊರಿನ ಬಾವಿಕಟ್ಟೆಯಲ್ಲಿ ವಿಚಾರಿಸುವುದಿಲ್ಲವೇ? ಹಾಗೆ. ಡೇರಿಯಲ್ಲಿ ಬಟವಾಡೆ ಸರಿಯಾಗಿ ಆಗುತ್ತಿತ್ತೇ? ಸೊಸೈಟಿಯಲ್ಲಿ ಸಾಲ ಯಾರಿಗೆ ಸಿಗುತ್ತಿತ್ತು? ವಾರ್ಷಿಕ ಸಭೆಯಲ್ಲಿ ಲೆಕ್ಕ ಓದುತ್ತಿದ್ದರೇ? ನೂರು ಜನರ ಲೆಕ್ಕ ಒಪ್ಪಿಸದವರು ಹತ್ತೊಂಬತ್ತು ಲಕ್ಷ ಜನರ ಲೆಕ್ಕ ಒಪ್ಪಿಸುತ್ತಾರೆಂದು ನಂಬುವುದು ಹೇಗೆ?

ಮೂರನೆಯದು ಮಾತು: ಐದು ಪ್ರಶ್ನೆ

ಪ್ರಶ್ನೆಯನ್ನು ಒಬ್ಬರೇ ಕೇಳಿದರೆ ನಕ್ಕು ಭುಜ ತಟ್ಟಿ ಮುಂದೆ ಹೋಗುತ್ತಾರೆ. ನಾಲ್ಕೈದು ಹಳ್ಳಿ ಸೇರಿ, ಬರವಣಿಗೆಯಲ್ಲಿ ಕೇಳಿದರೆ ನಿಂತು ಓದುತ್ತಾರೆ. ನಾಮಪತ್ರ ಹಿಂತೆಗೆಯುವ ದಿನ ಕಳೆದ ಕೂಡಲೇ ಒಂದೇ ಹಾಳೆಯಲ್ಲಿ ಐದು ಪ್ರಶ್ನೆ ಬರೆದು, ಎಲ್ಲ ಉಮೇದುವಾರರಿಗೂ ಅದೇ ಹಾಳೆಯನ್ನು ಕಳುಹಿಸಿ. ಪ್ರಶ್ನೆಗಳು ಹೀಗಿರಬಹುದು:

1. ನಮ್ಮ ಕ್ಷೇತ್ರದ ಮೂರು ಮುಖ್ಯ ಬೆಳೆ ಯಾವುವು? ಅವುಗಳಲ್ಲಿ ಯಾವುದಕ್ಕೆ ಬೆಂಬಲ ಬೆಲೆ ಇದೆ, ಯಾವುದಕ್ಕೆ ಇಲ್ಲ?

2. ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದರೆ, ಖರೀದಿ ಕೇಂದ್ರ ತೆರೆಸಲು ಮೊದಲ ವಾರದಲ್ಲಿ ನೀವು ಏನು ಮಾಡುತ್ತೀರಿ?

3. ನಮ್ಮ ಬೆಳೆಯ ಆಮದು ಅಥವಾ ರಫ್ತಿನ ಬಗ್ಗೆ ನಿಮ್ಮ ನಿಲುವೇನು?

4. ನಿಮ್ಮ ಪಕ್ಷದ ತೀರ್ಮಾನ ನಮ್ಮ ಬೆಳೆಗೆ ವಿರುದ್ಧವಾದರೆ, ಪಕ್ಷದ ಒಳಗೆ ಆ ಮಾತನ್ನು ಎತ್ತುತ್ತೀರಾ?

5. ಗೆದ್ದ ಮೇಲೆ ಪ್ರತಿ ತಾಲ್ಲೂಕಿನಲ್ಲಿ ವರ್ಷಕ್ಕೆ ಎಷ್ಟು ದಿನ ಸಿಗುತ್ತೀರಿ? ಎಲ್ಲಿ?

ಮೊದಲನೆಯ ಪ್ರಶ್ನೆ ಸುಲಭವೆಂದು ತಿಳಿಯಬೇಡಿ. ಅಡಿಕೆಗೆ ಬೆಂಬಲ ಬೆಲೆ ಕೊಡಿಸುತ್ತಿದ್ದೇವೆ ಎಂದು ಹೇಳುವವರು, ರಾಗಿಗೆ ಬೆಂಬಲ ಬೆಲೆ ಇದೆಯೆಂದೇ ತಿಳಿಯದವರು ನಿಮಗೆ ಸಿಕ್ಕಾರು. ತಿಳಿಯದಿದ್ದರೆ ದೋಷವಿಲ್ಲ. "ನನಗೆ ಗೊತ್ತಿಲ್ಲ, ತಿಳಿದುಕೊಂಡು ಹೇಳುತ್ತೇನೆ" ಎಂದು ಒಪ್ಪಿಕೊಂಡು ಎರಡು ದಿನದಲ್ಲಿ ಉತ್ತರ ಕಳುಹಿಸಿದವರನ್ನು ನಾನಾದರೆ ಗೌರವಿಸುತ್ತೇನೆ. "ಎಲ್ಲಾ ಮಾಡೋಣ" ಎಂಬುದು ಉತ್ತರವಲ್ಲ.

ಸಭೆ ಸೇರಿಸುವುದಾದರೆ ಒಂದು ಮಾತು. ಚುನಾವಣಾ ನೀತಿಸಂಹಿತೆ ಇರುವಾಗ ಪಂಚಾಯಿತಿ ಗ್ರಂಥಾಲಯದಲ್ಲಾಗಲಿ ಶಾಲೆಯಲ್ಲಾಗಲಿ ಉಮೇದುವಾರರನ್ನು ಕರೆಸಬೇಡಿ, ಅವು ಸರ್ಕಾರಿ ಕಟ್ಟಡಗಳು. ಸಭೆಗೆ, ಮೈಕಿಗೆ ಅನುಮತಿ ಕೇಳಿಕೊಳ್ಳಿ. ಕರೆದರೆ ಎಲ್ಲರನ್ನೂ ಕರೆಯಿರಿ. ಸಭೆಗೆ ಹೆಣ್ಣುಮಕ್ಕಳನ್ನೂ ಕರೆತನ್ನಿ. ಕಳೆ ತೆಗೆಯುವವರು, ಹಸು ನೋಡುವವರು, ಸಂಘದ ಸಾಲದ ಲೆಕ್ಕ ಬಲ್ಲವರು ಅವರು. ಅವರ ಪ್ರಶ್ನೆಗೆ ಉತ್ತರ ಹೇಳುವುದು ನಮ್ಮ ಪ್ರಶ್ನೆಗಿಂತ ಕಷ್ಟ ಎಂಬುದು ನನ್ನ ಅನುಭವ.

ಸಾವಿರ ರೂಪಾಯಿಯ ಲೆಕ್ಕ

ಹಿಂದಿನ ರಾತ್ರಿ ಬರುವ ಲಕೋಟೆಯ ಬಗ್ಗೆ ಹೇಳದೆ ಈ ಮಾತು ಮುಗಿಯದು. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಕಾನೂನು ಹಾಗಿರಲಿ, ಬೇಸಾಯದ ಲೆಕ್ಕವನ್ನೇ ಹಾಕೋಣ. ಒಂದು ಮತಕ್ಕೆ ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಐದು ವರ್ಷವೆಂದರೆ 1,826 ದಿನ. ದಿನಕ್ಕೆ ಐವತ್ತೈದು ಪೈಸೆಯೂ ಪೂರ್ತಿ ಆಗುವುದಿಲ್ಲ. ಹತ್ತು ಕ್ವಿಂಟಲ್ ಮಾರುವವನಿಗೆ ಕ್ವಿಂಟಲಿಗೆ ಸಾವಿರ ರೂಪಾಯಿ ದರ ತಪ್ಪಿದರೆ ಒಂದೇ ವರ್ಷದಲ್ಲಿ ಹೋಗುವುದು ಹತ್ತು ಸಾವಿರ. ಸಾವಿರ ಕೊಟ್ಟವನ ಬಳಿ ಆ ಹತ್ತು ಸಾವಿರ ಕೇಳಲು ಹೋದರೆ ಬರುವ ಉತ್ತರ ಏನು? "ಅವತ್ತೇ ಕೊಟ್ಟಾಯ್ತಲ್ಲ!"

ಜಾತಿಯ ಮಾತೂ ಅಷ್ಟೆ. ನಮ್ಮವರೆಂದು ಪ್ರೀತಿ ಇರುವುದು ಸಹಜ. ಆದರೆ ಮಾರುಕಟ್ಟೆಯಲ್ಲಿ ದರ ಬೀಳುವಾಗ ಯಾರ ಕೊಬ್ಬರಿ ಯಾವ ಜಾತಿಯವರದೆಂದು ನೋಡಿ ಬೀಳುವುದಿಲ್ಲ. ನಮ್ಮವರಾದರೆ ಅವರಿಗೂ ಅದೇ ಐದು ಪ್ರಶ್ನೆ ಕೇಳಿ. ಉತ್ತರ ಚೆನ್ನಾಗಿದ್ದರೆ ಸಂತೋಷವೇ.

ಎಲ್ಲ ನೋಡಿದ ಮೇಲೂ ಯಾರೂ ಹಿಡಿಸಲಿಲ್ಲವೆಂದರೆ 2013ರಿಂದ 'ನೋಟಾ' ಗುಂಡಿ ಇದೆ. ಮತಗಟ್ಟೆಗೆ ಹೋಗದೆ ಮನೆಯಲ್ಲಿ ಕೂರುವುದಕ್ಕಿಂತ ಅದು ಮೇಲು. ಆದರೆ ಹೊಲವನ್ನು ಬೀಳು ಬಿಟ್ಟರೂ ಏನಾದರೊಂದು ಬೆಳೆದೇ ಬೆಳೆಯುತ್ತದೆ. ನೋಟಾ ಒತ್ತಿದರೂ ಉಳಿದವರಲ್ಲಿ ಒಬ್ಬರು ಗೆದ್ದೇ ಗೆಲ್ಲುತ್ತಾರೆ.

ಹಾಳೆ ಗೋಡೆಯ ಮೇಲಿರಲಿ

ಚುನಾವಣೆ ಮುಗಿದ ದಿನ ಕೆಲಸ ಮುಗಿಯುವುದಿಲ್ಲ. ಬಿತ್ತಿ ಬಂದ ಮೇಲೆ ಹೊಲದ ಕಡೆ ತಿರುಗಿ ನೋಡದವನ ಬೆಳೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಗೆದ್ದವರು ಬರೆದುಕೊಟ್ಟ ಉತ್ತರದ ಹಾಳೆಯನ್ನು ಊರಿನ ಕಟ್ಟೆಯ ಬಳಿ ಗೋಡೆಗೆ ಅಂಟಿಸಿ. ಉತ್ತರ ಕೊಡದವರ ಹೆಸರಿನ ಮುಂದೆ 'ಉತ್ತರವಿಲ್ಲ' ಎಂದಷ್ಟೇ ಬರೆಯಿರಿ. ಬೈಗುಳ ಬೇಡ. ವರ್ಷಕ್ಕೊಮ್ಮೆ, ಯುಗಾದಿ ಕಳೆದ ಮೇಲೆ, ಆ ಹಾಳೆಯ ಮುಂದೆ ಕುಳಿತು ಯಾವುದಾಯಿತು, ಯಾವುದಾಗಲಿಲ್ಲ ಎಂದು ಗುರುತು ಹಾಕಿ, ಒಂದು ಪ್ರತಿ ಸದಸ್ಯರಿಗೆ ಅಂಚೆಯಲ್ಲಿ ಕಳುಹಿಸಿ.

ಈ ವಾರ ಮಾಡಬಹುದಾದ ಕೆಲಸ ಇಷ್ಟೆ. ನಿಮ್ಮ ಕ್ಷೇತ್ರದ ಈಗಿನ ಸದಸ್ಯರು 2024ರಲ್ಲಿ ಸಲ್ಲಿಸಿದ ಪ್ರಮಾಣಪತ್ರವನ್ನೂ, ಆಮೇಲೆ ಸಭೆಯಲ್ಲಿ ಅವರು ಕೇಳಿದ ಪ್ರಶ್ನೆಗಳ ಪಟ್ಟಿಯನ್ನೂ ಊರಿನ ಹುಡುಗರಿಂದ ತೆಗೆಸಿ. ನಿಮ್ಮ ಬೆಳೆಯ ಹೆಸರು ಅದರಲ್ಲಿ ಎಷ್ಟು ಸಲ ಬಂದಿದೆ, ಎಣಿಸಿ.

ಬೀಜ ಎಣಿಸಿ ಬಲ್ಲ ಕೈಗಳಿಗೆ ಇದು ದೊಡ್ಡ ಕೆಲಸವಲ್ಲ.